"ಅರ್ಥವಾಯಿತೇ, ಮಕ್ಕಳೇ?"

ವರ್ಷಕ್ಕೊಮ್ಮೆ ಮಾತ್ರ ನಗದು ಎಣಿಸುವ ಬ್ಯಾಂಕನ್ನು ಯಾರೂ ನಂಬಲಾರರು. ದಿನದ ವಹಿವಾಟು ಮುಗಿದೊಡನೆ ಲೆಕ್ಕ ತಾಳೆ ನೋಡಿ, ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಅಂದೇ ಹುಡುಕುವುದು ನಮ್ಮ ವೃತ್ತಿಯ ಮೊದಲ ಪಾಠ. ಮಕ್ಕಳ ಕಲಿಕೆಯ ವಿಷಯದಲ್ಲಾದರೋ ನಾವು ವಾರ್ಷಿಕ ಪರೀಕ್ಷೆಯವರೆಗೆ ನಿಶ್ಚಿಂತೆಯಿಂದ ಕಾಯುತ್ತೇವೆ. ಕಲಿಕೆ ನಡೆಯುತ್ತಿರುವಾಗಲೇ ಅದರ ಕೊರತೆಯನ್ನರಿತು ಬೋಧನೆಯನ್ನು ತಿದ್ದಿಕೊಳ್ಳುವುದಕ್ಕೆ ರೂಪಣಾತ್ಮಕ ಮೌಲ್ಯಮಾಪನವೆಂದು ಹೆಸರು. ಮೈಕೆಲ್ ಸ್ಕ್ರಿವೆನ್ 1967ರಲ್ಲಿ ಪಠ್ಯಕ್ರಮಗಳ ಪರಿಶೀಲನೆಗೆ ಬಳಸಿದ ಈ ಪದವನ್ನು ಬೆಂಜಮಿನ್ ಬ್ಲೂಮ್ ವಿದ್ಯಾರ್ಥಿಗಳ ಕಲಿಕೆಗೂ ಅನ್ವಯಿಸಿದರು.

ಕಳೆದ ವರ್ಷ ಮುಂಬಯಿಯಲ್ಲಿ, ನನ್ನ ಮಗಳ ಆರನೆಯ ತರಗತಿಯ ಗಣಿತ ಪಾಠವನ್ನು ಪಾಲಕರಾದ ನಾವು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಅವಕಾಶ ಒದಗಿತು. ದಶಮಾಂಶದ ಪಾಠ ಮುಗಿಸಿದ ಶಿಕ್ಷಕಿ "ಅರ್ಥವಾಯಿತೇ?" ಎಂದರು. ಇಡೀ ತರಗತಿ ಹೌದೆಂದಿತು. ನಮ್ಮ ಕಾಲದಲ್ಲಾಗಿದ್ದರೆ ಮುಂದಿನ ಪಾಠಕ್ಕೆ ಅಷ್ಟೇ ಸಾಕಾಗುತ್ತಿತ್ತು!

ಈಕೆ 0.6, 0.45, 0.125 ಎಂದು ಹಲಗೆಯ ಮೇಲೆ ಬರೆದು, ಯಾವುದು ದೊಡ್ಡದೆಂದು ಕೇಳಿದರು. ಪ್ರತಿ ಮಗುವಿನ ಕೈಯಲ್ಲೂ ಕಪ್ಪುಬಿಳುಪಿನ ವಿನ್ಯಾಸ ಮುದ್ರಿಸಿದ ಒಂದೊಂದು ಕಾಗದದ ಕಾರ್ಡು. ತಾನಾರಿಸಿದ ಉತ್ತರದ ಅಕ್ಷರ ಮೇಲೆ ಬರುವಂತೆ ಅದನ್ನು ತಿರುಗಿಸಿ ಎತ್ತಿ ಹಿಡಿಯಬೇಕು. ಶಿಕ್ಷಕಿ ತಮ್ಮ ಮೊಬೈಲಿನ ಕ್ಯಾಮೆರಾವನ್ನು ತರಗತಿಯತ್ತ ನಿಧಾನವಾಗಿ ತಿರುಗಿಸಿದರೆ ಯಾರ ಉತ್ತರ ಸರಿ, ಯಾರದು ತಪ್ಪೆಂಬುದು ಅವರ ಪರದೆಯ ಮೇಲೆ ಮೂಡುತ್ತದೆ. ಪ್ಲಿಕರ್ಸ್ ಎಂಬ ಈ ಏರ್ಪಾಡಿನಲ್ಲಿ ಮಕ್ಕಳಿಗೆ ಯಾವ ಯಂತ್ರವೂ ಬೇಕಿಲ್ಲ. ಕಾರ್ಡುಗಳ ವಿನ್ಯಾಸ ಒಂದರಂತೆ ಇನ್ನೊಂದಿಲ್ಲ. ಅಕ್ಷರಗಳೋ ಬಹು ಸಣ್ಣವು. ಆದ್ದರಿಂದ ಪಕ್ಕದವರನ್ನು ನಕಲು ಮಾಡುವುದು ಸುಲಭವಲ್ಲ.

ಹೌದೆಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪಿದ್ದರು. ಆರಕ್ಕಿಂತ ನೂರ ಇಪ್ಪತ್ತೈದು ದೊಡ್ಡದಲ್ಲವೆ? ಮಕ್ಕಳ ತರ್ಕ ಅದು. ಶಿಕ್ಷಕಿ ಯಾರ ಹೆಸರನ್ನೂ ಹೇಳಲಿಲ್ಲ, ಗದರಲಿಲ್ಲ. ಅವನ್ನೇ ರೂಪಾಯಿಯಾಗಿ ಬರೆಯಿರೆಂದರು: ಅರವತ್ತು ಪೈಸೆ, ನಲವತ್ತೈದು ಪೈಸೆ, ಹನ್ನೆರಡೂವರೆ ಪೈಸೆ. ನೆರೆಯವರೊಡನೆ ಚರ್ಚಿಸಲು ಬಿಟ್ಟು, ಮತ್ತೆ ಕಾರ್ಡು ಎತ್ತಿಸಿದರು. ಈ ಬಾರಿ ತಪ್ಪಿದವರು ಆರು ಮಂದಿ ಮಾತ್ರ.

ಬಳಿಕ ಮಾತನಾಡಿದಾಗ ಆಕೆ ತಮ್ಮ ಸಹೋದ್ಯೋಗಿಗಳ ಹಿಂಜರಿಕೆಯನ್ನು ಮುಚ್ಚಿಡಲಿಲ್ಲ. ಅವಧಿ ನಲವತ್ತೇ ನಿಮಿಷ, ಮೊಬೈಲು ಸ್ವಂತದ್ದು. ಎಲ್ಲಕ್ಕಿಂತ ದೊಡ್ಡ ಭಯ, ಈ ಉತ್ತರಗಳೂ ನಾಳೆ ಅಂಕಗಳಾಗಿ ಮತ್ತೊಂದು ದಾಖಲೆ ಪುಸ್ತಕವನ್ನು ಸೇರಿಯಾವೆಂಬುದು. ಭಯ ನಿರಾಧಾರವಲ್ಲ. 2009ರಲ್ಲಿ ಸಿ.ಬಿ.ಎಸ್.ಇ. ಜಾರಿಗೆ ತಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಆಶಯ ಒಳ್ಳೆಯದೇ ಆಗಿದ್ದರೂ, ಅನೇಕ ಕಡೆ ಶಿಕ್ಷಕರ ಸಮಯವೆಲ್ಲ ನಮೂನೆ ತುಂಬುವುದರಲ್ಲೇ ಕಳೆಯಿತು. 2017-18ರ ಸಾಲಿನಿಂದ ಹತ್ತನೆಯ ತರಗತಿಗೆ ಮಂಡಳಿಯ ಪರೀಕ್ಷೆ ಮತ್ತೆ ಕಡ್ಡಾಯವಾಯಿತು. ನಮೂನೆ ತುಂಬುವ ಸಂಕಟ ಬ್ಯಾಂಕಿನವನಿಗೆ ಬೇರೆ ಹೇಳಬೇಕೆ? "ಇದಕ್ಕೆ ನಾನು ಅಂಕ ಕೊಡುವುದಿಲ್ಲ. ನಾಳೆ ಏನು ಕಲಿಸಬೇಕೆಂದು ನನಗೆ ತಿಳಿದರೆ ಸಾಕು" ಎಂದರು ಆಕೆ.

ರಾತ್ರಿ ಊಟಕ್ಕೆ ಕುಳಿತಾಗ ಮಗಳು, "ಅಪ್ಪಾ, ಆ ಆರು ಜನರಲ್ಲಿ ನಾನೂ ಒಬ್ಬಳು" ಎಂದಳು. ನಿತ್ಯ ಅಂಕಿಗಳ ನಡುವೆಯೇ ಬದುಕುವ ನನಗೆ ಅಲ್ಲಿಯವರೆಗೆ ಅದರ ಸುಳಿವಿರಲಿಲ್ಲ. ನಾಳೆ ಟೀಚರ್ ಆರೂ ಜನರಿಗೆ ಅಳತೆಪಟ್ಟಿಯ ಮೇಲೆ ತೋರಿಸಿಕೊಡುವರಂತೆ. ಪಟ್ಟಿಯನ್ನು ಆಗಲೇ ಚೀಲದಲ್ಲಿಟ್ಟುಕೊಂಡಿದ್ದಳು.