ಮೆಣಸಗಿಯಿಂದ ವಾತಾಪಿಗೆ, ಬಾಡಿಗೆ ಕಾರಿನಾಗ

ಹೊರದೇಶದಾಗ ಕಾರು ಬಾಡಿಗೆಗೆ ತಗೊಂಡು ಹಳೇ ರಾಜಧಾನಿ ಸುತ್ತೋರ ವಿಡಿಯೋ ನೋಡಿರ್ತೀರಿ. ನಮ್ಮ ಮೆಣಸಗಿ ಮಂದಿಗೆ ಅಂಥಾ ಊರು ಮಗ್ಗಲದಾಗ ಐತಿ. ಬಾದಾಮಿ! ಚಾಲುಕ್ಯರ ವಾತಾಪಿ.

ಕಾರು ಗೊತ್ತು ಮಾಡೂಮುಂದ ನಂಬರ್ ಪ್ಲೇಟು ನೋಡ್ರಿ. ಹಳದಿ ಪ್ಲೇಟಿಗೆ ಕರಿ ಅಕ್ಷರ ಇದ್ರ ಡ್ರೈವರ್ ಬರೋ ಟ್ಯಾಕ್ಸಿ. ಕರಿ ಪ್ಲೇಟಿಗೆ ಹಳದಿ ಅಕ್ಷರ ಇದ್ರ ನೀವೇ ಓಡಿಸೋದು. ಕಿಲೋಮೀಟರ್ ರೇಟು, ಡ್ರೈವರ್ ಭತ್ತೆ, ಕಾಯೋ ಚಾರ್ಜು ಎಲ್ಲಾ ಮೊದಲೇ ಮಾತಾಡ್ಕೊಳ್ರಿ.

ಬಾದಾಮಿ ಮುಟ್ಟಿದ ಮ್ಯಾಲೆ ಮೊದಲು ಕೋಟೆ ನೋಡ್ರಿ, 543ರಾಗ ಚಾಲುಕ್ಯರ ದೊರೆ ಒಂದನೇ ಪುಲಿಕೇಶಿ ಕಟ್ಟಿಸಿದ್ದು. ಆಮ್ಯಾಲೆ ಕಲ್ಲು ಕೊರೆದ ಗುಹೆ ಗುಡಿಗೋಳಿಗೆ ಹೋಗಿ, ಒಂದನೇ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದ ಸ್ವಲ್ಪ ಹೊತ್ತು ನಿಲ್ರಿ. ಮೂರನೇ ಗುಹೆಯಾಗ ಪುಲಿಕೇಶಿಯ ಮಗ ಮಂಗಳೇಶನ 578ರ ಶಾಸನ ಐತಿ.

ಇಷ್ಟು ನೋಡಿ ಭಾಳ ಮಂದಿ ಗಾಡಿ ಹತ್ತಿಬಿಡ್ತಾರ. ನನಗ ಸಂಕಟ ಆಗೋದು ಅಲ್ಲೇ. ಕಪ್ಪೆ ಅರಭಟ್ಟನ ಬಂಡೆ ಶಾಸನ ನೋಡದ ಹೋಗಬ್ಯಾಡ್ರಿ! ನಮಗ ಸಿಕ್ಕ ಅತ್ಯಂತ ಹಳೇ ಕನ್ನಡ ತ್ರಿಪದಿ ಅದರಾಗ ಐತಿ. ಬೀಸೋಕಲ್ಲಿನ ಮುಂದ ಕುಂತು ನಮ್ಮ ಅಮ್ಮಗೋಳು ಹಾಡಿದಂಥದ್ದೇ ಮೂರು ಸಾಲಿನ ಪದ, ಸುಮಾರು 1300 ವರ್ಷದ ಹಿಂದ ಕಲ್ಲಿಗೆ ಏರೇತಿ.

ಸಂಜೀಕ ಕಾರು ನಿಲ್ಲಿಸಿ ಅಗಸ್ತ್ಯ ತೀರ್ಥ ಅನ್ನೋ ಕೆರೆಯ ದಂಡಿ ಹಿಡಿದು ನಡೀರಿ. ಭೂತನಾಥ ಗುಡಿ ಪಡುವಣಕ್ಕ ಮುಖ ಮಾಡೇತಿ. ಇಳಿಬಿಸಿಲು ಬಿದ್ದಾಗ ಕೆಂಪುಕಲ್ಲು ಇನ್ನಷ್ಟು ಕೆಂಪಾಗ್ತೈತಿ, ಗುಡಿಯ ನೆರಳು ನೀರಾಗ ಅಲಗಾಡ್ತೈತಿ.