ಅಳಿಸಿದ್ದು ಮೊದಲಕ್ಷರ ಮಾತ್ರ

ಹಳೇ ಮಾನಿಟರಿನ ಮೇಲೆ ಫೈಲುಗಳ ಹೆಸರು ಸಾಲಾಗಿ ಮೂಡಿದವು. ಒಂದಕ್ಕೂ ತಲೆಯಿಲ್ಲ. ‘ಡಿ-ಎ-ಟಿ-ಎ’ ಇರಬೇಕಾದಲ್ಲಿ ‘?-ಎ-ಟಿ-ಎ’, ‘ಪಿ-ಎ-ಆರ್-ಎ-ಎಂ’ ಇರಬೇಕಾದಲ್ಲಿ ‘?-ಎ-ಆರ್-ಎ-ಎಂ’. ಬಳ್ಳಾರಿಯ ಬೆಂಗಳೂರು ರಸ್ತೆಯ ಬದಿಯ ಸಂದಿಯೊಂದರಲ್ಲಿರುವ ಮೊಬೈಲ್ ರಿಪೇರಿ ಅಂಗಡಿ ಅದು. ಇಬ್ಬರು ಗಿರಾಕಿ ಒಳಗೆ ನಿಂತರೆ ಮೂರನೆಯವರು ಬಿಸಿಲಿಗೆ ನಿಲ್ಲಬೇಕು. ನಾನು ಹೋದದ್ದು ಫೋನಿನ ಚಾರ್ಜಿಂಗ್ ಪಿನ್ ಹಾಕಿಸಲು. ಆ ಪರದೆ ಕಂಡ ಮೇಲೆ ಫೋನಿನ ಚಿಂತೆ ಹೋಯಿತು.

“ನೋಡಣ್ಣ, ಎಲ್ಲಾ ಇಲ್ಲೇ ಐತಿ. ಮೊದಲಕ್ಷರ ಒಂದು ಹೋಗೈತಿ, ಅಷ್ಟೆ” ಎಂದರು ರಿಪೇರಿಯವರು. ಪಕ್ಕದಲ್ಲಿ ನಿಂತಿದ್ದ ಸಿರುಗುಪ್ಪದವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ.

ಅವರು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರು. ಹಾಸ್ಟೆಲಿನಲ್ಲಿದ್ದಾಗ ಕೊಂಡ, ಕೈಯಲ್ಲಿ ಹಿಡಿದು ಆಡುವ ಸೋನಿ ಪಿಎಸ್‌ಪಿ ಈಗ ಮಗನ ಕೈ ಸೇರಿದೆ. ಪದೇ ಪದೇ ಹ್ಯಾಂಗ್ ಆಗುತ್ತದೆಂದು ಮಗ ಎಲ್ಲೋ ತೋರಿಸಿದ್ದಾನೆ. ಅಲ್ಲಿಯವರು ಯಾವ ಯಂತ್ರ ಕೊಟ್ಟರೂ ಮೊದಲು ಮಾಡುವ ಮದ್ದನ್ನೇ ಮಾಡಿದ್ದಾರೆ: ರಿಸೆಟ್ ಹೊಡೆದಿದ್ದಾರೆ. ಸಾಲದ್ದಕ್ಕೆ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಚುಚ್ಚಿ, ಬೇಡದ್ದೆಂದು ತೋಚಿದ್ದನ್ನೆಲ್ಲ ತೆಗೆದು ‘ಕ್ಲೀನ್’ ಮಾಡಿ ಕೊಟ್ಟಿದ್ದಾರೆ. ಆ ಕಸದ ಜತೆ 2006ರ ‘ಗ್ರ್ಯಾಂಡ್ ಥೆಫ್ಟ್ ಆಟೊ: ವೈಸ್ ಸಿಟಿ ಸ್ಟೋರೀಸ್’ ಆಟದ ಸೇವ್ (ಅಲ್ಲಿಯವರೆಗೆ ಆಡಿದ್ದರ ದಾಖಲೆ) ಕೂಡ ಹೋಗಿದೆ. “ಮುಕ್ಕಾಲು ಆಟ ನನ್ನ ರೂಮ್‌ಮೇಟ್ ಆಡಿದ್ದು ಸರ್. ನಾನು ಪೊಲೀಸರ ಕೈಯಿಂದ ತಪ್ಪಿಸಿಕೊಂಡು ಓಡಿದ್ದೇ ಹೆಚ್ಚು” ಎಂದು ನಕ್ಕರು. ಆದರೂ ಅದಕ್ಕಾಗಿ ಬಸ್ ಹಿಡಿದು ಬಳ್ಳಾರಿಗೆ ಬಂದಿದ್ದರು.

ಈ ಪ್ರಕರಣದಲ್ಲಿ ರಿಸೆಟ್ ನಿರಪರಾಧಿ. ಪಿಎಸ್‌ಪಿಯ ಸೆಟಿಂಗ್ಸ್ ಮೊದಲಿನಂತೆ ಮಾಡಿದರೆ ಭಾಷೆ, ಗಡಿಯಾರ, ವೈಫೈ, ಪರದೆಯ ಬಣ್ಣ ಇಂಥವು ಬದಲಾಗುತ್ತವೆ. ಆಟದ ಸೇವ್ ಇರುವುದು ಯಂತ್ರದಲ್ಲಲ್ಲ, ಆ ಕಾರ್ಡಿನಲ್ಲಿ, ಅಂದರೆ ಮೆಮೊರಿ ಸ್ಟಿಕ್‌ನಲ್ಲಿ, ‘ಸೇವ್‌ಡೇಟಾ’ ಎಂಬ ಫೋಲ್ಡರಿನಲ್ಲಿ. ಅದರೊಳಗೆ ಆಟಕ್ಕೊಂದು ಫೋಲ್ಡರು. ಅಮೆರಿಕದ ಡಿಸ್ಕಾದರೆ ಹೆಸರು ‘ಯು-ಎಲ್-ಯು-ಎಸ್’ ಎಂದು, ಯುರೋಪಿನದಾದರೆ ‘ಯು-ಎಲ್-ಇ-ಎಸ್’ ಎಂದು ಶುರುವಾಗುತ್ತದೆ. ಸೇವ್ ತೆಗೆದದ್ದು ಆ ಡಿಲೀಟ್ ಬಟನ್. ಇಂಥ ಕಾರ್ಡಿನಿಂದ ತೆಗೆದದ್ದು ಕಂಪ್ಯೂಟರಿನ ರಿಸೈಕಲ್ ಬಿನ್‌ಗೂ ಬೀಳುವುದಿಲ್ಲ.

ಸಿರುಗುಪ್ಪದವರಿಗೆ ರಿಪೇರಿಯವರು ಅರ್ಥ ಮಾಡಿಸಿದ್ದು ಗಿರಣಿಯ ಲೆಕ್ಕದಲ್ಲೇ. ಗೋದಾಮಿನ ರಿಜಿಸ್ಟರಿನಲ್ಲಿ ಒಂದು ಸಾಲು ಹೊಡೆದು ಹಾಕಿದರೆ ಚೀಲ ಎದ್ದು ಹೋಗುತ್ತದೆಯೇ? ಇಲ್ಲ. ಆ ಜಾಗ ಖಾಲಿ ಎಂದು ನಂಬಿ ಇನ್ನೊಬ್ಬರು ಹೊಸ ಲೋಡು ಇಳಿಸುವವರೆಗೆ ಹಳೇ ಚೀಲ ಅಲ್ಲೇ ಇರುತ್ತದೆ. ಹಾಗಾಗಿ ಸೇವ್ ಹೋಗಿದೆ ಎಂದು ತಿಳಿದ ಕ್ಷಣದಿಂದ ಆ ಕಾರ್ಡಿಗೆ ಒಂದು ಹಾಡನ್ನೂ ಹಾಕಬಾರದು, ಹೊಸದಾಗಿ ಆಟ ಶುರು ಮಾಡಲೂಬಾರದು. ಇಲ್ಲಿ ಅದೃಷ್ಟ ನೋಡಿ: ಆಟಗಳೆಲ್ಲ ಮಾಯವಾದ ಮೇಲೆ ಮಗನಿಗೆ ಆ ಯಂತ್ರವೇ ಬೇಜಾರಾಗಿ ಮೂಲೆಗೆ ಎಸೆದಿದ್ದ. ಉಳಿಸಿದ್ದು ಅವನ ಬೇಜಾರೇ.

ರಿಪೇರಿಯವರು ಮೊದಲು ಇಡೀ ಕಾರ್ಡಿನ ಪಡಿಯಚ್ಚನ್ನು, ಖಾಲಿ ಎಂದು ತೋರುವ ಜಾಗವನ್ನೂ ಬಿಡದೆ, ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡರು. ಹುಡುಕಾಟವೆಲ್ಲ ಆ ನಕಲಿನ ಮೇಲೆ. ಅಸಲು ಕಾರ್ಡು ಪ್ಲಾಸ್ಟಿಕ್ ಡಬ್ಬಿ ಸೇರಿತು. ರಿಸೆಟ್ ಹೊಡೆಯುವ ನೂರು ಅಂಗಡಿಗೂ ಈ ಒಂದು ಅಂಗಡಿಗೂ ನಾನು ಕಂಡ ವ್ಯತ್ಯಾಸ ಇಷ್ಟೇ.

ಈಗ ಆ ಮೊದಲಕ್ಷರದ ಕತೆ. ಸಂಪಾದಕರು ಕತ್ತರಿಸದಿದ್ದರೆ ಪೂರ್ತಿ ಹೇಳುತ್ತೇನೆ.

ಅಲ್ಲಿದ್ದದ್ದು ನಿಜಕ್ಕೂ ಪ್ರಶ್ನಾರ್ಥಕ ಚಿಹ್ನೆಯಲ್ಲ. ಅಲ್ಲಿ ಕೂತಿದ್ದದ್ದು ‘ಇ5’ ಎಂಬ ಬೈಟ್, ನಮ್ಮ ಲೆಕ್ಕದಲ್ಲಿ 229. 1970ರ ದಶಕದಲ್ಲಿ ಐಬಿಎಂನ ಎಂಟಿಂಚಿನ ಫ್ಲಾಪಿಗಳು ಬರುವಾಗಲೇ ಉದ್ದಕ್ಕೂ ಈ ಒಂದೇ ಬೈಟನ್ನು ತುಂಬಿಕೊಂಡು ಬರುತ್ತಿದ್ದವು. 1974ರಲ್ಲಿ ಗ್ಯಾರಿ ಕಿಲ್ಡಾಲ್ ‘ಸಿಪಿ/ಎಂ’ ಎಂಬ ಕಾರ್ಯವ್ಯವಸ್ಥೆ ಕಟ್ಟಿದಾಗ ಇದನ್ನೇ ಲಾಭವಾಗಿಸಿಕೊಂಡ. ಫೈಲುಗಳ ಪಟ್ಟಿಯಲ್ಲಿ ಯಾವ ಸಾಲು ‘ಇ5’ರಿಂದ ಶುರುವಾಗುತ್ತದೋ ಅದು ಖಾಲಿ ಎಂದು ನಿಯಮ ಮಾಡಿದರೆ ಹೊಸ ಫ್ಲಾಪಿ ಯಾವ ತಯಾರಿಯೂ ಇಲ್ಲದೆ ತಾನಾಗಿಯೇ ಖಾಲಿ ಎನಿಸಿಕೊಳ್ಳುತ್ತದೆ. ಫೈಲ್ ಅಳಿಸಬೇಕೇ? ಅದರ ಸಾಲಿನ ಮೊದಲ ಬೈಟಿಗೆ ‘ಇ5’ ಬರೆದರಾಯಿತು. ಮೈಕ್ರೋಸಾಫ್ಟ್‌ನ ಡಾಸ್ ಈ ಗುರುತನ್ನು ಹಾಗೇ ಎತ್ತಿಕೊಂಡಿತು. ಡಾಸ್‌ನ ‘ಫ್ಯಾಟ್’ ಎಂಬ ಫೈಲ್ ಜೋಡಣೆಯ ಪದ್ಧತಿಯಲ್ಲಿ ಆ ಮೊದಲ ಬೈಟ್ ಫೈಲಿನ ಹೆಸರಿನ ಮೊದಲಕ್ಷರವೇ ಆಗಿತ್ತು. ಅಲ್ಲಿಂದ ಪೆನ್‌ಡ್ರೈವಿಗೆ, ಕ್ಯಾಮೆರಾ ಕಾರ್ಡಿಗೆ, ಕೊನೆಗೆ ಸಿರುಗುಪ್ಪದ ಪಿಎಸ್‌ಪಿಗೆ ಬಂತು. 1991ರ ಡಾಸ್ 5ರಲ್ಲಿ ‘ಅನ್‌ಡಿಲೀಟ್’ ಎಂಬ ಆಜ್ಞೆಯೇ ಇತ್ತು. ಕಳೆದ ಫೈಲನ್ನು ತೋರಿಸಿ, ಮೊದಲಕ್ಷರ ಯಾವುದು ಹೇಳಿ ಎಂದು ಕೇಳುತ್ತಿತ್ತು.

ನನಗೆ ಇನ್ನೂ ರುಚಿಸಿದ್ದು ಜಪಾನಿನ ತಕರಾರು. ಜಪಾನಿ ಲಿಪಿಯ ಕೆಲವು ಅಕ್ಷರಗಳು ಕಂಪ್ಯೂಟರಿನಲ್ಲಿ ಇದೇ ‘ಇ5’ ಬೈಟಿನಿಂದ ಆರಂಭವಾಗುತ್ತವೆ. ಅಂಥ ಹೆಸರಿಟ್ಟ ಫೈಲು ಹುಟ್ಟುವಾಗಲೇ ಸತ್ತ ಲೆಕ್ಕ! ಅದಕ್ಕೆ ಪರಿಹಾರವಾಗಿ, ಹೆಸರಿನಲ್ಲಿ ನಿಜವಾಗಿಯೂ ‘ಇ5’ ಇದ್ದರೆ ಅದರ ಬದಲು ‘05’ ಬರೆಯಬೇಕೆಂದು ನಿಯಮ ಮಾಡಿದರು. ಹೊಸ ಫ್ಲಾಪಿಯಲ್ಲಿ ತುಂಬಿರುತ್ತಿದ್ದ ಒಂದು ಬೈಟಿಗಾಗಿ ಒಂದು ದೇಶದ ಅಕ್ಷರಗಳು ವೇಷ ಮರೆಸಿಕೊಳ್ಳಬೇಕಾಯಿತು. ಇದನ್ನು ನಾನು ವಿವರಿಸುವಷ್ಟರಲ್ಲಿ ರಿಪೇರಿಯವರು ಎರಡು ಫೋನುಗಳ ಡಿಸ್‌ಪ್ಲೇ ಬದಲಿಸಿ ಮುಗಿಸಿದ್ದರು.

ಮೊದಲಕ್ಷರಗಳನ್ನು ಒಂದೊಂದಾಗಿ ತುಂಬಿ, ಫೋಲ್ಡರನ್ನು ಬೇರೊಂದು ಕಾರ್ಡಿಗೆ ಹಾಕಿ ಪಿಎಸ್‌ಪಿಗೆ ಸಿಕ್ಕಿಸಿದರು. ಆಟದ ಚಿತ್ರ, ಕೆಳಗೆ ತಾರೀಖು, ಎಲ್ಲ ಬಂತು. ಬ್ಯಾಟರಿ ಮಾತ್ರ ಉಬ್ಬಿ ಹಿಂದಿನ ಮುಚ್ಚಳವನ್ನು ತಳ್ಳುತ್ತಿತ್ತು. “ಮೊದಲು ಇದನ್ನ ತೆಗೆದು ಹೊರಗಿಡಿ ಅಣ್ಣ, ಚಾರ್ಜಿಗೆ ಹಾಕ್ಬ್ಯಾಡ್ರಿ” ಎಂದು ಗದರಿದರು.

ಇದಕ್ಕೂ ಹಿಂದಿನ ಯಂತ್ರಗಳಲ್ಲಿ ಸೇವ್‌ನ ಕತೆ ಓದುಗರಿಗೆ ಗೊತ್ತಿರುವುದೇ. ಜಾತ್ರೆ ಅಂಗಡಿಯ ಬ್ರಿಕ್ ಗೇಮ್‌ನಲ್ಲಿ ಸೆಲ್ ತೆಗೆದರೆ ಹೈ ಸ್ಕೋರ್ ಸೊನ್ನೆ. ಟಿವಿಗೆ ಹಾಕುವ ಕ್ಯಾಸೆಟ್ ಆಟಗಳ ಕಾಲದಲ್ಲಿ ಕಾಂಟ್ರಾದ ಕೊನೇ ಘಟ್ಟದಲ್ಲಿ ಕರೆಂಟ್ ಹೋದರೆ ಮತ್ತೆ ಕಾಡಿನಿಂದಲೇ ಆರಂಭ. 1987ರಲ್ಲಿ ಅಮೆರಿಕಕ್ಕೆ ಬಂದ ‘ಲೆಜೆಂಡ್ ಆಫ್ ಜೆಲ್ಡಾ’ದ ಬಂಗಾರ ಬಣ್ಣದ ಕ್ಯಾಸೆಟ್ಟಿನೊಳಗೆ ಬಟನ್ ಸೆಲ್ ಇತ್ತು, ಸೇವ್ ಉಳಿಯುತ್ತಿದ್ದದ್ದು ಅದರ ಬಲದಿಂದ. ಗೇಮ್‌ಬಾಯ್‌ನ ಪೊಕೆಮಾನ್ ಕ್ಯಾಸೆಟ್ಟುಗಳದ್ದೂ ಅದೇ ಪಾಡು. ಆ ಸೆಲ್ ಸತ್ತರೆ ಯಾವ ಸಾಫ್ಟ್‌ವೇರೂ ನೆರವಿಗೆ ಬಾರದು. 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪಿಎಸ್‌ಪಿ ಬಂದಾಗ ಸೇವ್‌ಗೆ ಫ್ಲ್ಯಾಶ್ ಕಾರ್ಡು, ಎಲ್ಲರೂ ಬಲ್ಲ ಫ್ಯಾಟ್ ಪದ್ಧತಿ. ನನ್ನ ಮಟ್ಟಿಗೆ ಅದೇ ಸುವರ್ಣಯುಗ, ಯಾರು ಏನೇ ಹೇಳಲಿ.

ಫ್ಲ್ಯಾಶ್ ಎಂದರೆ ಚಿರಂಜೀವಿ ಎಂದೂ ತಿಳಿಯಬೇಡಿ. ಅದರಲ್ಲಿ ಮಾಹಿತಿ ನಿಲ್ಲುವುದು ಕೂಡಿಟ್ಟ ವಿದ್ಯುತ್ ಕಣಗಳಿಂದ. ಸೆಕೆ ಏರಿದಷ್ಟೂ ಅವು ಬೇಗ ಸೋರುತ್ತವೆ. 40 ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ, ತಗಡಿನ ಬೀರುವಿನೊಳಗೆ ವರ್ಷಗಟ್ಟಲೆ ಬಿದ್ದ ಕಾರ್ಡಿನ ಮೇಲೆ ಭರವಸೆ ಇಡಬಾರದು. ಈಗ ಆನ್‌ಲೈನಿನಲ್ಲಿ ಅಗ್ಗಕ್ಕೆ ಬರುವ ಚೀನಾದ ಆರ್36ಎಸ್‌ನಂಥ ಯಂತ್ರಗಳ ಜತೆ ಕೊಡುವ ಹೆಸರಿಲ್ಲದ ಕಾರ್ಡುಗಳಂತೂ ಬಿಸಿಲು ಬರುವವರೆಗೂ ಕಾಯುವುದಿಲ್ಲ. ಕೊಂಡ ದಿನವೇ ನಕಲು ಇಳಿಸಿಕೊಂಡು ಒಳ್ಳೆಯ ಕಾರ್ಡು ಹಾಕುವುದು ಲೇಸು.

ನಿಂಟೆಂಡೊ ಸ್ವಿಚ್ ಬೇರೆ ಜಾತಿ. 2017ರ ಈ ಯಂತ್ರದಲ್ಲಿ ಮೈಕ್ರೊ ಎಸ್‌ಡಿ ಕಾರ್ಡು ಎಷ್ಟೇ ದೊಡ್ಡದಿರಲಿ, ಸೇವ್ ಕೂರುವುದು ಯಂತ್ರದ ಒಳಗೇ, ಗೂಢಲಿಪಿಯಲ್ಲಿ. ಪೂರ್ತಿ ಇನಿಶಿಯಲೈಜ್ ಮಾಡಿದರೆ ಕತೆ ಮುಗಿಯಿತು. ಆಮೇಲೆ ಕೈಹಿಡಿಯುವುದು 2018ರ ಸೆಪ್ಟೆಂಬರಿನಲ್ಲಿ ಶುರುವಾದ, ದುಡ್ಡು ಕಟ್ಟುವ ಕ್ಲೌಡ್ ಸೇವೆ ಮಾತ್ರ. ಅದೂ ‘ಪೊಕೆಮಾನ್ ಸ್ವೋರ್ಡ್’ನಂಥ ಆಟಗಳಿಗೆ ಇಲ್ಲ. ಆದರೆ ಅದರ ಮೇಂಟೆನೆನ್ಸ್ ಮೆನುವಿನಲ್ಲಿ ಸೇವ್ ಡೇಟಾ ಅಳಿಸದೆ ಇನಿಶಿಯಲೈಜ್ ಮಾಡುವ ಆಯ್ಕೆಯೊಂದು ಪ್ರತ್ಯೇಕವಾಗಿದೆ. ರಿಪೇರಿಗೆ ಕೊಡುವವರು ಬಾಯಿಬಿಟ್ಟು ಅದನ್ನೇ ಕೇಳಬೇಕು.

ಅಷ್ಟರಲ್ಲಿ ಕುರುಗೋಡಿನಿಂದ ತಾಯಿಯ ಜತೆ ಒಬ್ಬ ಹುಡುಗ ಬಂದ. ಅಮೆರಿಕದಲ್ಲಿರುವ ಚಿಕ್ಕಮ್ಮ ಕೊಟ್ಟುಹೋದ ನಿಂಟೆಂಡೊ 3ಡಿಎಸ್ ಅವನದು. ಸಿಸ್ಟಮ್ ಫಾರ್ಮ್ಯಾಟ್ ಮಾಡುವ ಮೊದಲು ಹುಷಾರಾಗಿ ಎಸ್‌ಡಿ ಕಾರ್ಡನ್ನು ಹೊರಗೆ ತೆಗೆದಿಟ್ಟಿದ್ದ, ಅಲ್ಲಿದ್ದದ್ದು ಉಳಿಯಲಿ ಎಂದು. ಉಳಿದೂ ಇತ್ತು. ಕಂಪ್ಯೂಟರಿನಲ್ಲಿ ‘ನಿಂಟೆಂಡೊ 3ಡಿಎಸ್’ ಫೋಲ್ಡರು ತೆರೆದರೆ ಅದರೊಳಗೆ 32 ಅಂಕಿ-ಅಕ್ಷರಗಳ ಹೆಸರಿನ ಎರಡು ಫೋಲ್ಡರು, ಒಂದು ಹಳೆಯದು, ಒಂದು ಹೊಸದು. ಒಂದು ಬೈಟೂ ಕಳೆದಿಲ್ಲ. ಆದರೂ ‘ಅನಿಮಲ್ ಕ್ರಾಸಿಂಗ್: ನ್ಯೂ ಲೀಫ್’ನಲ್ಲಿ ಅವನು ಕಟ್ಟಿದ ಊರು ತೆರೆಯಲಿಲ್ಲ.

3ಡಿಎಸ್ ತನ್ನ ಕಾರ್ಡಿನ ಮೇಲಿನ ಎಲ್ಲವನ್ನೂ ಯಂತ್ರದೊಳಗಿನ ಒಂದು ಗುಪ್ತ ಕೀಲಿಯಿಂದ ಬೀಗ ಹಾಕಿಡುತ್ತದೆ. ಆ ಫೋಲ್ಡರಿನ ಹೆಸರು ಹುಟ್ಟುವುದೂ ಅದೇ ಕೀಲಿಯಿಂದ. ಫಾರ್ಮ್ಯಾಟ್ ಮಾಡಿದಾಗ ಯಂತ್ರ ಹೊಸ ಕೀಲಿ ಮಾಡಿಕೊಂಡು ಹಳೆಯದನ್ನು ಮರೆಯುತ್ತದೆ. ಹಳೇ ಕೀಲಿಯ ನಕಲು ಮೊದಲೇ ತೆಗೆದಿಟ್ಟುಕೊಂಡಿರದಿದ್ದರೆ ಅಂಗಡಿಯವರು ಮಾಡುವುದೇನೂ ಇಲ್ಲ. ಆಟವನ್ನೇನೋ ಮತ್ತೆ ಇಳಿಸಿಕೊಳ್ಳಬಹುದು. 2023ರ ಮಾರ್ಚಿನಲ್ಲಿ 3ಡಿಎಸ್‌ನ ಆನ್‌ಲೈನ್ ಅಂಗಡಿ ಹೊಸ ಮಾರಾಟ ನಿಲ್ಲಿಸಿದ್ದರೂ ಕೊಂಡದ್ದು ಸಿಗುತ್ತದೆ. ಊರು ಸಿಗುವುದಿಲ್ಲ. ಸೇವ್ ಮಾಡದೆ ರಿಸೆಟ್ ಒತ್ತಿದವರನ್ನು ಬೈಯಲೆಂದೇ ‘ಮಿಸ್ಟರ್ ರಿಸೆಟ್ಟಿ’ ಎಂಬ ಹೆಗ್ಗಣದಂಥ ಪಾತ್ರವನ್ನು ಸೃಷ್ಟಿಸಿದ ಸರಣಿಯ ಆಟ ಇದು!

“ಇದಕ್ಕೆ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬ್ಯಾಡ್ರಿ ಅಕ್ಕ” ಎಂದು ತಾಯಿಗೆ ಹೇಳಿ, ಹುಡುಗನತ್ತ ತಿರುಗಿ ಬೇರೆ ಕ್ಯಾಸೆಟ್ ಏನಿದೆ ಎಂದು ಕೇಳಿದರು. ಜೇಬಿನಿಂದ ‘ಪೊಕೆಮಾನ್ ಎಕ್ಸ್’ ಹೊರಬಂತು. ಅಂಗಡಿಯಿಂದ ಕೊಂಡ ಕ್ಯಾಸೆಟ್ಟಿನ ಸೇವ್ ಆ ಕ್ಯಾಸೆಟ್ಟಿನೊಳಗೇ ಇರುತ್ತದೆ. ಯಂತ್ರ ಹತ್ತು ಸಲ ಫಾರ್ಮ್ಯಾಟ್ ಆದರೂ ಅದಕ್ಕೇನೂ ಆಗದು. ಹಾಕಿದರು, ತೆರೆಯಿತು. ಹುಡುಗ ಬೆಂಚಿನ ಮೇಲೆ ಕೂತು ಆಡತೊಡಗಿದ. ತಾಯಿ ಕುರುಗೋಡು ಬಸ್ಸಿನ ಹೊತ್ತು ಕೇಳಿದರು.