ಮಾನವ ಹಕ್ಕು ಪರದೇಶದ ಸರಕೇ?

ಪ್ರಶ್ನೆ: ಮಾನವ ಹಕ್ಕುಗಳೆಂದರೆ ಪಶ್ಚಿಮದವರು ನಮ್ಮ ಸಂಪ್ರದಾಯಗಳ ಮೇಲೆ ಹೇರಿದ್ದು ಎನ್ನುತ್ತಾರೆ. ನಿಜವೇ?

ಉತ್ತರ: ಈ ಮಾತನ್ನು ಮೊದಲು ಗಟ್ಟಿಯಾಗಿ ಆಡಿದವರಲ್ಲಿ ಪಶ್ಚಿಮದವರೇ ಇದ್ದರು! ಎಲ್ಲ ಸಂಸ್ಕೃತಿಗಳಿಗೂ ಒಂದೇ ಅಳತೆ ಹೇಗೆ ಹೊಂದೀತು ಎಂದು ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ 1947ರಲ್ಲೇ ವಿಶ್ವಸಂಸ್ಥೆಗೆ ಬರೆದಿತ್ತು. ಇತ್ತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡು ತಿದ್ದುತ್ತಿದ್ದವರಲ್ಲಿ ಚೀನಾದ ಪಿ.ಸಿ. ಚಾಂಗ್, ಲೆಬನಾನಿನ ಚಾರ್ಲ್ಸ್ ಮಲಿಕ್, ಚಿಲಿಯ ಹೆರ್ನಾನ್ ಸಾಂತಾ ಕ್ರೂಸ್ ಇದ್ದರು. ನಮ್ಮ ಹಂಸಾ ಮೆಹ್ತಾ ಮೊದಲ ವಿಧಿಯಲ್ಲಿದ್ದ 'ಎಲ್ಲ ಪುರುಷರು' ಎಂಬುದಕ್ಕೆ ಆಕ್ಷೇಪ ಎತ್ತಿದರು. ಅಲ್ಲಿ 'ಎಲ್ಲ ಮನುಷ್ಯರು' ಬಂತು.

1948ರ ಡಿಸೆಂಬರ್ 10ರಂದು 48 ದೇಶಗಳು ಘೋಷಣೆಯ ಪರ ಮತ ಹಾಕಿದವು. ವಿರುದ್ಧ ಒಂದೂ ಇಲ್ಲ. ತಟಸ್ಥವಾಗಿ ಉಳಿದ ಎಂಟರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾವೂ ಒಂದು. ಅಲ್ಲಿನ ಬಿಳಿಯರ ಸರ್ಕಾರಕ್ಕೆ ಯಾವ 'ಸಂಸ್ಕೃತಿ'ಯ ಚಿಂತೆಯಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ತಟಸ್ಥವಾಗಿದ್ದ ಸೌದಿ ಅರೇಬಿಯಾ ಇಸ್ಲಾಮಿನ ಹೆಸರಿನಲ್ಲಿ ಧರ್ಮ ಬದಲಿಸುವ ಹಕ್ಕನ್ನು ಒಪ್ಪಲಿಲ್ಲ; ಪಾಕಿಸ್ತಾನದ ಜಫರುಲ್ಲಾ ಖಾನ್ ಅದೇ ಇಸ್ಲಾಮಿನ ಆಧಾರದಲ್ಲೇ ಒಪ್ಪಿದರು.

ಸಂಪ್ರದಾಯದ ಪರವಾಗಿ ಮಾತಾಡುವವರು ಯಾರು ಎಂಬುದನ್ನೂ ಕೇಳಿಕೊಳ್ಳಬೇಕು. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ಆದರೆ ಊರೂರು ತಿರುಗಿ ಆ ಪದ್ಧತಿಯ ವಿರುದ್ಧ ಹೆಂಗಸರನ್ನು ಸಂಘಟಿಸಿದವರು ಪಶ್ಚಿಮದ ಜಿನೀವಾದಿಂದ ಬರಲಿಲ್ಲ. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರಲ್ಲೊಬ್ಬರು; 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಯಾರ ಹೆಸರಿನಲ್ಲಿ ಹುಡುಗಿಯರನ್ನು ಬಿಡಲಾಗುತ್ತಿತ್ತೋ ಆ ಎಲ್ಲಮ್ಮನ ಜಾತ್ರೆ ಈಗಲೂ ನಡೆಯುತ್ತದೆ, ಭಕ್ತರೇನೂ ಕಡಿಮೆಯಾಗಿಲ್ಲ.